ಹೆಬ್ಬೆಟ್ಟಿನ ಗುರುತು

ನಾನು ಉಪಾಧ್ಯಾಯನಾಗಿ ಮೊದಲು ಸೇರಿದುದು ಒಂದು ಸಣ್ಣ ಹಳ್ಳಿಯ ಶಾಲೆಗೆ. ಆ ಊರಿನಲ್ಲಿ ಓದು ಬರಹ ಬಲ್ಲ ಹಿರಿಯರು ವಿರಳ. ಪಟ್ಟಣದಲ್ಲಿ ದುಡಿಯುವ ಮಕ್ಕಳಿಂದ ಮನಿಯಾರ್ಡರು ಬಂದರೆ ತಾಯಂದಿರು ಹೆಬ್ಬೆಟ್ಟೊತ್ತಿ ಹಣ ಪಡೆಯುತ್ತಿದ್ದರು. ಕಾಗದ ಬಂದರೆ ಅದನ್ನು ಸೆರಗಿನ ಮರೆಯಲ್ಲಿಟ್ಟುಕೊಂಡು ಶಾಲೆಗೆ ಬಂದು, "ಇದನ್ನೊಂದಿಷ್ಟು ಓದಿ ಹೇಳಿ ಮೇಷ್ಟ್ರೇ" ಎನ್ನುತ್ತಿದ್ದರು. ಸಾಲ, ಕಾಯಿಲೆ, ಸೊಸೆಯ ಮುನಿಸು ಎಲ್ಲವೂ ಆ ಕಾಗದಗಳಲ್ಲಿರುತ್ತಿದ್ದವು. ಓದಿದುದನ್ನು ಅಲ್ಲಿಯೇ ಮರೆಯುವುದು ನನ್ನ ಧರ್ಮವಾಗಿತ್ತು. ಅದನ್ನು ನನಗೆ ಯಾವ ಕಾನೂನೂ ಕಲಿಸಿರಲಿಲ್ಲ. 'ಸಂಸಾರ ಗುಟ್ಟು, ವ್ಯಾಧಿ ರಟ್ಟು' ಎಂಬ ಗಾದೆಯಲ್ಲಿಯೇ ಆ ವಿವೇಕವಿದೆ. ಮನೆಯ ಮಾತು ಮನೆಯಲ್ಲಿರಬೇಕು. ರೋಗವನ್ನು ವೈದ್ಯನಿಂದ ಬಚ್ಚಿಡಬಾರದು. ಯಾವುದನ್ನು, ಯಾರಿಗೆ, ಎಷ್ಟು ಹೇಳಬೇಕೆಂಬುದನ್ನು ನಿರ್ಧರಿಸತಕ್ಕವನು ಆ ಗುಟ್ಟಿನ ಒಡೆಯನೇ.

ಈಗ ಓದು ಬಲ್ಲವರೂ ಬಾರದವರೂ ಒಂದೇ ರೀತಿಯಲ್ಲಿ ಹೆಬ್ಬೆಟ್ಟೊತ್ತುವ ಕಾಲ ಬಂದಿದೆ. 2009ರಲ್ಲಿ ಕೇಂದ್ರ ಸರ್ಕಾರವು ಭಾರತೀಯ ವಿಶಿಷ್ಟ ಗುರುತಿನ ಪ್ರಾಧಿಕಾರವನ್ನು ಸ್ಥಾಪಿಸಿತು. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ತೆಂಭ್ಲಿ ಎಂಬ ಹಳ್ಳಿಯಲ್ಲಿ ಮೊದಲ ಆಧಾರ್ ಸಂಖ್ಯೆಗಳನ್ನು ವಿತರಿಸಲಾಯಿತು. ವ್ಯಕ್ತಿಯ ಹತ್ತು ಬೆರಳುಗಳ ಗುರುತು, ಎರಡು ಕಣ್ಣುಗಳ ಪಾಪೆಯ ಚಿತ್ರ ಹಾಗೂ ಮುಖದ ಭಾವಚಿತ್ರವನ್ನು ಪಡೆದು, ಆತನಿಗೆ 12 ಅಂಕಿಗಳ ಸಂಖ್ಯೆಯೊಂದನ್ನು ಕೊಡುವುದು ಇದರ ಕ್ರಮ. ಯೋಜನೆಯ ಉದ್ದೇಶ ಹಿರಿದಾದುದೇ. ಯಾವ ದಾಖಲೆಯೂ ಇಲ್ಲದ ಬಡವನಿಗೂ ಒಂದು ಗುರುತು ದೊರೆಯಬೇಕು; ಒಬ್ಬನ ಪಾಲಿನ ಪಡಿತರವು ಮತ್ತೊಬ್ಬನ ಪಾಲಾಗಬಾರದು.

ಆದರೆ ಅನುಕೂಲದ ಬೆನ್ನಿಗೇ ಅಪಾಯವೂ ಇರುತ್ತದೆ. ಬೀಗದ ಕೈ ಕಳೆದುಹೋದರೆ ಬೀಗವನ್ನೇ ಬದಲಾಯಿಸಬಹುದು. ಗುಪ್ತಪದವು ಬಯಲಾದರೆ ಬೇರೊಂದನ್ನು ಇಟ್ಟುಕೊಳ್ಳಬಹುದು. ಬೆರಳನ್ನು ಬದಲಾಯಿಸುವುದು ಹೇಗೆ? ಅಲ್ಲದೆ, ಒಂದೇ ಸಂಖ್ಯೆಯನ್ನು ಬ್ಯಾಂಕು, ದೂರವಾಣಿ, ಆಸ್ಪತ್ರೆ, ಪಡಿತರಗಳಿಗೆಲ್ಲ ಜೋಡಿಸಿದರೆ, ಚದುರಿದ್ದ ಸಂಗತಿಗಳು ಒಂದೇ ದಾರದಲ್ಲಿ ಪೋಣಿಸಿದಂತಾಗುತ್ತವೆ. ಆ ದಾರವನ್ನು ಹಿಡಿದವನಿಗೆ ವ್ಯಕ್ತಿಯ ಬದುಕೇ ತೆರೆದ ಪುಸ್ತಕವಾಗಬಹುದು. ಇನ್ನೊಂದು ತೊಂದರೆಯೂ ಉಂಟು. ಮಣ್ಣು ಕಲ್ಲುಗಳಲ್ಲಿ ದುಡಿದು ಸವೆದ ಬೆರಳನ್ನು ಯಂತ್ರವು ಕೆಲವೊಮ್ಮೆ ಗುರುತಿಸುವುದಿಲ್ಲ. ಆಗ ಅನ್ನಕ್ಕೆ ಹಕ್ಕುಳ್ಳವನೇ ಅಪರಿಚಿತನಾಗಿ ನಿಲ್ಲಬೇಕಾಗುತ್ತದೆ.

ಈ ವಿಷಯವನ್ನು ಸರ್ವೋಚ್ಚ ನ್ಯಾಯಾಲಯದ ಮುಂದೆ ತಂದವರಲ್ಲಿ ಮೊದಲಿಗರು ಕನ್ನಡ ನಾಡಿನವರೇ ಎಂಬುದು ಸ್ಮರಣೀಯ. ಅವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಅರ್ಜಿ ಸಲ್ಲಿಸಿದಾಗ ಅವರಿಗೆ 86 ವರ್ಷ ವಯಸ್ಸು. ಕೋಟ್ಯಂತರ ಜನರ ದೇಹದ ಗುರುತುಗಳನ್ನು ಸಂಗ್ರಹಿಸುವ ಕಾರ್ಯಕ್ಕೆ ಆಗ ಸಂಸತ್ತಿನ ಶಾಸನದ ಬೆಂಬಲವಿರಲಿಲ್ಲ; ಅದು ಸರ್ಕಾರದ ಆದೇಶದ ಮೇಲೆಯೇ ನಡೆದಿತ್ತು. ಶಾಸನವಿಲ್ಲದೆ ಪ್ರಜೆಯ ಖಾಸಗಿತನದಲ್ಲಿ ಕೈಯಿಡುವುದು ಸಲ್ಲದೆಂಬುದು ಅವರ ವಾದವಾಗಿತ್ತು. ಆಧಾರ್ ಶಾಸನವು ಬಂದುದು 2016ರಲ್ಲಿ.

ವಿಚಾರಣೆಯ ನಡುವೆ ಮೂಲಭೂತವಾದ ಪ್ರಶ್ನೆಯೊಂದು ಎದ್ದಿತು. ಖಾಸಗಿತನವು ಮೂಲಭೂತ ಹಕ್ಕೇ? ಅಲ್ಲವೆಂದು ಸರ್ಕಾರವು ವಾದಿಸಿತು. 1954 ಮತ್ತು 1962ರ ಎರಡು ಹಳೆಯ ತೀರ್ಪುಗಳು ಅದರ ವಾದಕ್ಕೆ ಆಸರೆಯಾಗಿದ್ದವು. ಕೊನೆಗೆ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಒಮ್ಮತದ ತೀರ್ಪನ್ನಿತ್ತಿತು. ಸಂವಿಧಾನದ 21ನೆಯ ವಿಧಿಯು ನೀಡಿರುವ ಜೀವಿಸುವ ಹಕ್ಕಿನಲ್ಲಿಯೇ ಖಾಸಗಿತನವೂ ಅಡಗಿದೆಯೆಂದು ಅದು ಸಾರಿತು. ಈ ಹಕ್ಕಿಗೂ ಮಿತಿಯುಂಟು. ಆದರೆ ಆ ಮಿತಿಯನ್ನು ಹಾಕಲು ಶಾಸನವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕ್ರಮವಿರಬೇಕು.

ಆಧಾರ್ ಯೋಜನೆಯ ಮೇಲಿನ ತೀರ್ಪು 2018ರ ಸೆಪ್ಟೆಂಬರ್ 26ರಂದು ಹೊರಬಿದ್ದಿತು. ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಯೋಜನೆಯನ್ನು ಎತ್ತಿಹಿಡಿದರು. ಆದರೆ ಬ್ಯಾಂಕಿನ ಖಾತೆಗೂ ದೂರವಾಣಿಗೂ ಆಧಾರ್ ಕಡ್ಡಾಯವಲ್ಲವೆಂದರು. ಶಾಲೆಗೆ ಸೇರುವ ಮಗುವಿಗೂ ಕಡ್ಡಾಯವಲ್ಲವೆಂದರು. ಐದನೆಯವರಾದ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡರು ಭಿನ್ನಮತದ ತೀರ್ಪನ್ನು ಬರೆದರು. ಬ್ಯಾಂಕು, ದೂರವಾಣಿಗಳಿಗೆ ಸ್ವಇಚ್ಛೆಯಿಂದ ಆಧಾರ್ ಕೊಡಲು 2019ರ ತಿದ್ದುಪಡಿಯು ಅವಕಾಶವಿತ್ತಿತು. ಅರ್ಜಿದಾರರಿಗೆ ಪೂರ್ಣ ಜಯ ದೊರೆಯಲಿಲ್ಲ. ಆದರೂ, ಕೊಡದಿರುವ ಹಕ್ಕು ಪ್ರಜೆಗೆ ಎಲ್ಲಿಯವರೆಗೆ ಉಂಟೆಂಬ ವಿಚಾರವು ದೇಶದ ಮುಂದೆ ಸ್ಪಷ್ಟವಾಗಿ ನಿಂತಿತು.

ತರುವಾಯ 2023ರಲ್ಲಿ ಸಂಸತ್ತು ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿಯೇ ಶಾಸನವೊಂದನ್ನು ರಚಿಸಿತು. ಅದು ಹಂತಹಂತವಾಗಿ ಜಾರಿಗೆ ಬರುವಂತೆ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮಾಹಿತಿಯನ್ನು ಕಾಪಾಡಲು ತಪ್ಪಿದ ಸಂಸ್ಥೆಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದು. 18 ವರ್ಷ ತುಂಬದವರ ಮಾಹಿತಿಯನ್ನು ಬಳಸಲು ತಂದೆತಾಯಿಗಳ ಇಲ್ಲವೆ ಪೋಷಕರ ಒಪ್ಪಿಗೆ ಬೇಕು. ಆದರೆ ದೇಶದ ಭದ್ರತೆಯೇ ಮೊದಲಾದ ಕಾರಣಗಳಿಗಾಗಿ ಸರ್ಕಾರದ ಅಂಗಗಳಿಗೆ ವಿನಾಯಿತಿ ಕೊಡಲು ಅವಕಾಶವಿದೆ. ಕಾಯುವವನನ್ನು ಕಾಯುವವರಾರು ಎಂಬ ಪ್ರಶ್ನೆ ಇಲ್ಲಿ ಮತ್ತೆ ತಲೆಯೆತ್ತುತ್ತದೆ. ಅದಕ್ಕೆ ಉತ್ತರವನ್ನು ಹುಡುಕುವ ಹೊಣೆ ಮುಂದೆ ಮತದಾರರಾಗುವ ನಿಮ್ಮದು.

ನ್ಯಾಯಮೂರ್ತಿ ಪುಟ್ಟಸ್ವಾಮಿಯವರು 2024ರ ಅಕ್ಟೋಬರ್ 28ರಂದು, ತಮ್ಮ 98ನೆಯ ವಯಸ್ಸಿನಲ್ಲಿ ನಿಧನರಾದರು. ವಿಶ್ರಾಂತಿಯಲ್ಲಿ ಕಳೆಯಬಹುದಾಗಿದ್ದ ಇಳಿವಯಸ್ಸಿನಲ್ಲಿ ಅವರು ಎತ್ತಿದ ಪ್ರಶ್ನೆಯು ಪ್ರತಿಯೊಬ್ಬ ಭಾರತೀಯನಿಗೂ ಒಂದು ಹಕ್ಕನ್ನು ಖಚಿತಪಡಿಸಿತು.

ಅಂದು ಮೇಷ್ಟ್ರು ಕಾಗದವನ್ನು ಓದಿ ಮರೆಯುತ್ತಿದ್ದರು. ಯಂತ್ರಕ್ಕೆ ತಾನಾಗಿ ಮರೆಯುವ ಗುಣವಿಲ್ಲ. ಅದಕ್ಕೆ ಸಂಕೋಚವೂ ಇಲ್ಲ. ಆದುದರಿಂದ ಅಂದು ಮನಸ್ಸಾಕ್ಷಿಯು ಮಾಡುತ್ತಿದ್ದ ಕೆಲಸವನ್ನು ಇಂದು ಕಾನೂನು ಮಾಡಬೇಕಾಗಿದೆ. ಕಾನೂನು ಎಚ್ಚರವಾಗಿರಬೇಕಾದರೆ ಪ್ರಜೆಯು ಮೊದಲು ಎಚ್ಚರವಾಗಿರಬೇಕು. ಇನ್ನು ಮುಂದೆ ಯಾರಾದರೂ ನಿಮ್ಮ ಸಂಖ್ಯೆಯನ್ನೋ ಬೆರಳಿನ ಗುರುತನ್ನೋ ಕೇಳಿದಾಗ, "ಇದು ನಿಮಗೇಕೆ ಬೇಕು?" ಎಂದು ವಿನಯದಿಂದಲೇ ಕೇಳಿರಿ. ಹಾಗೆ ಕೇಳುವುದು ಉದ್ಧಟತನವಲ್ಲ, ನಿಮ್ಮ ಹಕ್ಕು.