ಇಂದಿನ ಧಮ್ಮ ಚಿಂತನೆ: ಓದುವ ಜಾಗ



ಪಾಲಿಯ 'ಸತಿ' ಸಂಸ್ಕೃತದ 'ಸ್ಮೃತಿ'ಯೇ, ಅಂದರೆ ನೆನಪು. ಧಮ್ಮದಲ್ಲಿ ಅದಕ್ಕೆ ಈಗ ಮಾಡುತ್ತಿರುವುದನ್ನು ಮರೆಯದಿರುವುದು ಎಂಬ ಅರ್ಥ. ನಡೆಯುವಾಗ, ಉಣ್ಣುವಾಗ, ಚೀವರ ತೊಟ್ಟು ಪಾತ್ರೆ ಹಿಡಿಯುವಾಗಲೂ ಅರಿವಿರಬೇಕೆಂದು ಸತಿಪಟ್ಠಾನ ಸುತ್ತ ಕಲಿಸುತ್ತದೆ. ನಮ್ಮ ಮೇಜಿಗೂ ಇದು ಸಲ್ಲುತ್ತದೆ.

ಉತ್ತರಪತ್ರಿಕೆ ತಿದ್ದಲು ಕೂತಾಗ ನಾನು ಮೇಜಿನ ಮೇಲೆ ಎರಡೇ ಇಡುತ್ತೇನೆ: ಪತ್ರಿಕೆಗಳ ಕಟ್ಟು, ಕೆಂಪು ಪೆನ್ನು. ಮೊಬೈಲು ಪಕ್ಕದ ಕೋಣೆಯಲ್ಲಿ. ಕರೆಂಟ್ ಬಿಲ್ಲು ಕಣ್ಣಿಗೆ ಬಿದ್ದರೂ ಸಾಕು, ಮನಸ್ಸು ಅದರ ಹಿಂದೆ ಹೋಗುತ್ತದೆ. ಅಂಕ ತಪ್ಪಿಹೋಗುವುದು ಮಗುವಿಗೆ.

ಮನೆಯಲ್ಲಿ ಮೇಜೇ ಇಲ್ಲದವರೂ ನಮ್ಮಲ್ಲಿದ್ದೀರಿ. ಬಾಬಾಸಾಹೇಬರು ಮುಂಬೈನ ಪರೇಲಿನ ಚಾಳಿನಲ್ಲಿ, ಇಡೀ ಸಂಸಾರಕ್ಕಿದ್ದ ಒಂದೇ ಕೋಣೆಯಲ್ಲಿ ಓದಿದರು. ಗದ್ದಲವಿಲ್ಲದ ಹೊತ್ತು ಸಿಗಲೆಂದು ತಂದೆ ರಾಮ್‌ಜಿ ಸಕ್ಪಾಲರು ರಾತ್ರಿ 2 ಗಂಟೆಗೆ ಮಗನನ್ನು ಎಬ್ಬಿಸುತ್ತಿದ್ದರು. ನಮ್ಮ ಹಿರಿಯರನ್ನು ಅಕ್ಷರದಿಂದ ದೂರವಿಟ್ಟಿದ್ದರು. ಆದ್ದರಿಂದ ನಮ್ಮ ಮಕ್ಕಳು ಓದುವ ಒಂದು ಮೊಳ ಜಾಗವನ್ನು, ಅದು ಚಾಪೆಯ ಮೂಲೆಯೇ ಆಗಿರಲಿ, ಮನೆಮಂದಿಯೆಲ್ಲ ಕಾಯಬೇಕು. ಅಲ್ಲಿ ಟಿವಿ ರಿಮೋಟು, ಟೀ ಲೋಟ, ಮಡಚದ ಬಟ್ಟೆ ಬೇಡ.

ಇಂದಿನ ಅಭ್ಯಾಸ: ಕೆಲಸಕ್ಕೆ ಕೂರುವ ಮುನ್ನ ಎದುರಿಗಿರುವ ಒಂದೊಂದನ್ನೂ ನೋಡಿ ಕೇಳಿಕೊಳ್ಳಿ, ಈ ಕೆಲಸಕ್ಕೆ ಇದು ಬೇಕೇ? ಬೇಡವಾದರೆ ಅದರ ಜಾಗದಲ್ಲಿ ಎತ್ತಿಡಿ. ಏಳುವಾಗ ಮುಂದೆ ಕೂರುವವರಿಗೆ ಜಾಗ ಖಾಲಿ ಮಾಡಿ ಏಳಿ.

ಭವತು ಸಬ್ಬ ಮಂಗಲಂ.