ಕೋಲಾಟದ ಮಟ್ಟು ಕೊಳಲಿಗೆ: ಒಂದು ಪಾಠ

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳು ಕೇಳಿದಾಗ, ಶಾಲೆಯ ಚರಿತ್ರೆಯನ್ನು ಇತರರು ಬರೆಯಬಲ್ಲರು, ನಾನು ಒಂದು ಪಾಠವನ್ನೇ ಬರೆಯುವುದು ಲೇಸೆಂದು ತೋರಿತು. ಇದು ನಾನು ತರಗತಿಯಲ್ಲಿ ಕಲಿಸಿದ ಪಾಠವಲ್ಲ. ನಿವೃತ್ತನಾದ ಮೇಲೆ ಕಲಿತ ಪಾಠ.

ಚಿಲಮತ್ತೂರಿನ ಸೀಮೆಯಲ್ಲಿ ಕನ್ನಡ ಮತ್ತು ತೆಲುಗು ಒಂದೇ ಅಂಗಳದಲ್ಲಿ ಆಡುವ ಭಾಷೆಗಳು. ಕೋಲಾಟವೂ ಹಾಗೆಯೇ. ಜೋಡಿ ಜೋಡಿಯಾಗಿ ವೃತ್ತದಲ್ಲಿ ನಿಂತು, ಕೈಗೊಂದು ಕೋಲು ಹಿಡಿದು, ಒಮ್ಮೆ ತಮ್ಮ ಕೋಲುಗಳನ್ನೇ ತಟ್ಟಿ, ಒಮ್ಮೆ ಎದುರಿನವರ ಕೋಲಿಗೆ ತಟ್ಟುತ್ತ ಸಾಗುವ ಈ ಆಟದಲ್ಲಿ ಮುಂದಾಳು ಒಂದು ಸೊಲ್ಲನ್ನು ಎತ್ತಿಕೊಡುತ್ತಾನೆ, ಉಳಿದವರು ಅದನ್ನು ತಿರುಗಿ ಹಾಡುತ್ತಾರೆ. ಜಡೆ ಕೋಲಾಟದಲ್ಲಂತೂ ಮೇಲಿನಿಂದ ಇಳಿಬಿಟ್ಟ ಹಗ್ಗಗಳು ಕುಣಿತದೊಡನೆ ಹೆಣೆದುಕೊಳ್ಳುತ್ತವೆ. ಅದೇ ಹೆಜ್ಜೆಯನ್ನು ಹಿಮ್ಮುಖವಾಗಿ ಇಟ್ಟರೆ ಮಾತ್ರ ಬಿಚ್ಚಿಕೊಳ್ಳುತ್ತವೆ. ಒಬ್ಬನು ತಾಳ ತಪ್ಪಿದರೂ ಜಡೆ ಗಂಟಾಗುತ್ತದೆ.

ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಕೋಲಾಟದ ಮುಂದಾಳಾಗಿದ್ದ ಒಬ್ಬ ಹಿರಿಯರು ಶಾಲೆಗೆ ಬಂದು, "ಮೇಷ್ಟ್ರೇ, ಮಕ್ಕಳಿಗೆ ನಾಲ್ಕು ಪದ ಕಲಿಸಿಕೊಡ್ತೀನಿ" ಎಂದರು. "ಪರೀಕ್ಷೆ ಮುಗಿಯಲಿ ತಾತ, ಆಮೇಲೆ ನೋಡೋಣ" ಎಂದು ಕಳುಹಿಸಿಬಿಟ್ಟೆ. ಮರುವರ್ಷದ ಪರೀಕ್ಷೆಯ ಹೊತ್ತಿಗೆ ಅವರು ಇರಲಿಲ್ಲ. ಈ ತಪ್ಪಿಗೆ ಬೇರೆ ಯಾರನ್ನೂ ಹೊಣೆ ಮಾಡಲಾರೆ.

ನಿವೃತ್ತನಾದ ಬಳಿಕ ಅವರ ಪತ್ನಿಯನ್ನು ಕಂಡು ಒಂದು ಮಟ್ಟನ್ನಾದರೂ ಹೇಳಿಕೊಡಬೇಕೆಂದು ಬೇಡಿದೆ. ಆ ಅಜ್ಜಿ ಎಷ್ಟು ಯೋಚಿಸಿದರೂ ಮಟ್ಟು ನೆನಪಿಗೆ ಬರಲಿಲ್ಲ. ಕೊನೆಗೆ, "ಕುಂತು ಹೇಳೋಕೆ ಬರಲ್ಲ ಸಾಮಿ, ಕೋಲು ಕೊಡಿ" ಎಂದು ಎದ್ದು ನಿಂತರು. ಎರಡು ಕಟ್ಟಿಗೆ ತುಂಡುಗಳನ್ನು ತಟ್ಟುತ್ತಿದ್ದಂತೆ ಮಟ್ಟು ತಾನಾಗಿ ಹೊರಬಂತು. ಕುಣಿತದ ಮಟ್ಟು ನಾಲಗೆಗಿಂತ ಮೊದಲು ಕಾಲಿನಲ್ಲಿ ಇರುತ್ತದೆಂಬುದನ್ನು ನಾನು ಅಂದು ಕಲಿತೆನು.

ಈಗ ಪಾಠಕ್ಕೆ ಬರೋಣ. ಕಚೇರಿಯ ಅಡ್ಡ ಕೊಳಲಿನಲ್ಲಿ ನಾದ ಹೊರಡಿಸಲು ಬಹುದಿನ ಬೇಕು. ಆದುದರಿಂದ ನಾನು ಆರಿಸಿಕೊಂಡದ್ದು ಜಾತ್ರೆಯಲ್ಲಿ ಸಿಗುವ, ತುದಿಯನ್ನು ಬಾಯಲ್ಲಿಟ್ಟು ಊದುವ ಆರು ರಂಧ್ರಗಳ ಉದ್ದ ಕೊಳಲು. ಪಾಶ್ಚಾತ್ಯರ ರೆಕಾರ್ಡರ್ ಇದರ ಬಂಧು. ಅದಕ್ಕೆ ಮುಂದೆ ಏಳು, ಹೆಬ್ಬೆರಳಿಗಾಗಿ ಹಿಂದೆ ಒಂದು ರಂಧ್ರವಿರುತ್ತದೆ.

ಮೊದಲನೆಯದು ಬೆರಳು. ಎಡಗೈಯ ಮೂರು ಬೆರಳು ಮೇಲೆ, ಬಲಗೈಯ ಮೂರು ಕೆಳಗೆ. ಬೆರಳಿನ ತುದಿಯಿಂದಲ್ಲ, ಮೆತ್ತನೆಯ ಭಾಗದಿಂದ ಮುಚ್ಚಬೇಕು; ಎಳ್ಳಷ್ಟು ಸಂದಿ ಇದ್ದರೂ ಕೊಳಲು ಕಿರುಚುತ್ತದೆ. ಆರನ್ನೂ ಮುಚ್ಚಿದಾಗ ಬರುವ ನಾದವನ್ನು ಷಡ್ಜವೆಂದು ಇಟ್ಟುಕೊಂಡು ಕೆಳಗಿನಿಂದ ಒಂದೊಂದೇ ಬೆರಳನ್ನು ಎತ್ತಿದರೆ ರಿ, ಗ, ಮ, ಪ, ದ, ನಿ ಬರುತ್ತವೆ. ಮತ್ತೆ ಎಲ್ಲವನ್ನೂ ಮುಚ್ಚಿ ಉಸಿರನ್ನು ತುಸು ಬಿಗಿಗೊಳಿಸಿದರೆ ಮೇಲಿನ ಷಡ್ಜ. ನಾನು ಕಲಿತ ಮಟ್ಟಿಗೆ ಸ ದಿಂದ ಪ ದವರೆಗಿನ ಐದೇ ಸ್ವರಗಳು ಸಾಕಾದವು.

ಎರಡನೆಯದು ತಟ್ಟು. ಕೊಳಲನ್ನು ಬದಿಗಿಟ್ಟು, "ತಕಿಟ ತಕಿಟ" ಎನ್ನುತ್ತ ಪ್ರತಿ "ತ"ಕಾರಕ್ಕೆ ಕೋಲು ತಟ್ಟಿ ನಡೆಯಿರಿ. ಅನಂತರ "ಸಸಸ ರಿರಿರಿ ಗಗಗ ರಿರಿರಿ" ಎಂದು ಊದಿರಿ. ಕೋಲು ಬೀಳುವ ಸ್ವರಕ್ಕೆ ಮಾತ್ರ ನಾಲಗೆಯಿಂದ "ತು" ಎಂಬ ಒತ್ತು ಕೊಡಬೇಕು. ಉಳಿದವು ಮೃದುವಾಗಿ ಸಾಗಲಿ. ನಾನು ಮೊದಲ ತಿಂಗಳು ಎಲ್ಲ ಸ್ವರಗಳಿಗೂ ಸಮನಾಗಿ ಒತ್ತು ಕೊಟ್ಟೆ. ಅಜ್ಜಿ ಕೇಳಿ, "ಸ್ವರ ಸರಿ ಐತೆ, ಕಾಲು ಏಳಲ್ಲ" ಎಂದರು.

ಮೂರನೆಯದು ಉಸಿರು. ಕೋಲು ಬೀಳುವಲ್ಲಿ ಉಸಿರೆಳೆದರೆ ಕುಣಿಯುವವರ ಹೆಜ್ಜೆ ಎಡವುತ್ತದೆ. ಮೇಳದವರು ಸೊಲ್ಲನ್ನು ತಿರುಗಿ ಹಾಡುವ ಹೊತ್ತೇ ಊದುವವನ ವಿಶ್ರಾಂತಿ. ವೇಗವನ್ನೂ ನಾವು ಹೆಚ್ಚಿಸಬಾರದು. ಕಾಲುಗಳು ಹೆಚ್ಚಿಸಿದಾಗ ಅನುಸರಿಸಬೇಕು.

ನಾಲ್ಕನೆಯದು ಬರವಣಿಗೆ. ಫ್ರಾನ್ಸ್ ದೇಶದ ಲಾಂಗ್ರ್ ಪಟ್ಟಣದ ಒಬ್ಬ ವೃದ್ಧ ಪಾದ್ರಿ ಆರ್ಬೋ ಎಂಬ ಗುಪ್ತನಾಮದಲ್ಲಿ ಕುಣಿತದ ಗ್ರಂಥವೊಂದನ್ನು ಬರೆದನು. ಅದು 1589ರಲ್ಲಿ ಅಚ್ಚಾಯಿತು. ಗುರುಶಿಷ್ಯರ ಸಂವಾದದ ರೂಪದಲ್ಲಿರುವ ಆ ಪುಸ್ತಕದಲ್ಲಿ ಸ್ವರದ ಎದುರಿಗೇ ಹೆಜ್ಜೆಯನ್ನೂ ಗುರುತಿಸಿದ್ದಾನೆ. ಆದುದರಿಂದಲೇ ಆ ಮಟ್ಟುಗಳನ್ನು ಇಂದಿಗೂ ಊದಿ ಕುಣಿಯಬಹುದು. ನಮ್ಮ ನೆರೆಯ ಲೇಪಾಕ್ಷಿಯ ನಾಟ್ಯಮಂಟಪದ ಕಂಬಗಳಲ್ಲಿ ವಿಜಯನಗರ ಕಾಲದ ಶಿಲ್ಪಿಗಳು ರಂಭೆಯ ನರ್ತನವನ್ನೂ ವಾದ್ಯಗಾರರನ್ನೂ ಕಡೆದಿದ್ದಾರೆ. ಭಂಗಿ ಉಳಿದಿದೆ, ಅಲ್ಲಿ ನುಡಿದ ಮಟ್ಟು ಯಾವುದೆಂದು ಕಲ್ಲು ಹೇಳದು.

ಅಜ್ಜಿ ಹೇಳಿಕೊಟ್ಟ ಮಟ್ಟನ್ನು ನಾನು ಕನ್ನಡ ಸ್ವರಾಕ್ಷರಗಳಲ್ಲಿ ಬರೆದು, ಕೋಲು ಬೀಳುವೆಡೆ ಅಡಿಗೆರೆ ಎಳೆದಿದ್ದೇನೆ. ತಾತನವರು ನಾಲ್ಕು ಕಲಿಸುವೆನೆಂದಿದ್ದರು; ನನಗೆ ದೊರೆತದ್ದು ಒಂದೇ. ನಿಮ್ಮ ಮನೆಗಳಲ್ಲಿ ಕೋಲು ಹಿಡಿದ ಕೈಗಳು ಇನ್ನೂ ಇದ್ದರೆ, ದಯವಿಟ್ಟು ಪರೀಕ್ಷೆ ಮುಗಿಯಲೆಂದು ಕಾಯಬೇಡಿರಿ. ಅವರ ಕೈಗೆ ಎರಡು ಕೋಲು ಕೊಟ್ಟು ಕೇಳಿರಿ.