ನಿಂತ ವಾಹನದ ವಿದ್ಯುತ್ಕೋಶ

ಅಭ್ಯಾಸ ತಪ್ಪಿದ ವಿದ್ಯೆಯಂತೆ ಬ್ಯಾಟರಿಯ ವಿದ್ಯುತ್ತೂ ಸುಮ್ಮನಿದ್ದಾಗಲೇ ಕ್ಷೀಣಿಸುತ್ತದೆ. ಕೆನಡಾದಂತಹ ಶೀತದೇಶಗಳಲ್ಲಿ ಜನರು ಅಡುಗೆ, ಶಯನಗಳ ಅನುಕೂಲವುಳ್ಳ ಮೋಟಾರು ಮನೆಗಳಲ್ಲಿ ಬೇಸಿಗೆಯಲ್ಲಿ ಸಂಚರಿಸಿ, ಚಳಿಗಾಲದಲ್ಲಿ ಅವನ್ನು ತಿಂಗಳುಗಟ್ಟಲೆ ನಿಲ್ಲಿಸಿಡುತ್ತಾರೆ. ಅಪಾಯವಿರುವುದು ಆಗಲೇ.

ಇಂತಹ ಅನೇಕ ವಾಹನಗಳಲ್ಲಿರುವುದು 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ ಸೀಸ-ಆಮ್ಲ ಕೋಶದ ಸಂತತಿ. ವಿದ್ಯುತ್ತು ಇಳಿದಂತೆ ಅದರ ಗಂಧಕಾಮ್ಲವು ಸೀಸದ ಫಲಕಗಳಲ್ಲಿ ಸಲ್ಫೇಟಾಗಿ ಸೇರಿ, ದ್ರವವು ನೀರಿನಂತೆ ತೆಳುವಾಗುತ್ತದೆ. ತುಂಬಿದ ಕೋಶದ ದ್ರವವು ಶೂನ್ಯಕ್ಕಿಂತ 50 ಡಿಗ್ರಿ ಸೆಲ್ಸಿಯಸ್ ಕೆಳಗೂ ಹೆಪ್ಪುಗಟ್ಟದು. ಬರಿದಾದುದು ಸುಮಾರು 10 ಡಿಗ್ರಿ ಕೆಳಗೇ ಹೆಪ್ಪುಗಟ್ಟಿ, ಹಿಗ್ಗಿ, ಕವಚವನ್ನು ಸೀಳಬಲ್ಲದು. ಹಿಮವಿಲ್ಲದಿದ್ದರೂ ಸಲ್ಫೇಟು ಗಟ್ಟಿಗೊಂಡು ಕೋಶದ ಶಕ್ತಿಯನ್ನು ಕುಗ್ಗಿಸುತ್ತದೆ.

ಆದುದರಿಂದ ನಿಲ್ಲಿಸುವ ಮುನ್ನ ಪೂರ್ಣವಾಗಿ ಚಾರ್ಜ್ ಮಾಡಬೇಕು. ಗಡಿಯಾರ, ಅನಿಲಸೂಚಕಗಳು ವಿದ್ಯುತ್ತನ್ನು ಹೀರದಂತೆ ತಂತಿಗಳನ್ನು ಕಳಚಬೇಕು, ಋಣಧ್ರುವದ್ದು ಮೊದಲು. ನೀರು ಎರೆಯುವ ಬಗೆಯ ಕೋಶಕ್ಕೆ ಬಟ್ಟಿ ಇಳಿಸಿದ ನೀರೇ ಸಲ್ಲುತ್ತದೆ. ತಿಂಗಳಿಗೊಮ್ಮೆ ಅಳೆಯಬೇಕು: 12 ವೋಲ್ಟಿನ ಕೋಶ 12.6 ತೋರಿದರೆ ತುಂಬಿದೆ, 12.4ಕ್ಕೆ ಇಳಿದರೆ ಮರಳಿ ಚಾರ್ಜ್ ಮಾಡಬೇಕು. ಲಿಥಿಯಂ ಕೋಶದ ನಿಯಮ ಬೇರೆ. ಸಾಮಾನ್ಯವಾಗಿ ಶೂನ್ಯ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಲಾಗದು.

ನಮ್ಮ ನಾಡಿನಲ್ಲಿ ಹಿಮದ ಭಯವಿಲ್ಲ. ಆದರೆ ಸೆಕೆಯಲ್ಲಿ ಈ ಕ್ಷಯ ಇನ್ನಷ್ಟು ತೀವ್ರ. ಬೇಸಿಗೆಯ ರಜೆಯಲ್ಲಿ ನಿಲ್ಲುವ ಶಾಲಾ ವಾಹನಕ್ಕೂ ತಿಂಗಳ ಪರೀಕ್ಷೆ ತಪ್ಪಬಾರದು. ದಾನಿಗಳು ಭಕ್ತಿಯಿಂದಿತ್ತ ವಸ್ತುವನ್ನು ಬಳಸುವುದಷ್ಟೇ ಅಲ್ಲ, ಬಳಸದಿರುವಾಗ ಕಾಯುವುದೂ ಕಾಯಕವೇ.